ಹಳೇ ವಿಡಿಯೋ ಗೇಮ್ ಜೇಬಿಗೆ ಇಳಿಸುವುದು ಹೇಗೆ?

ಅಂಗೈಯಗಲದ ಯಂತ್ರ, ಮೂರೂವರೆ ಇಂಚಿನ ಪರದೆ, ಎಡಕ್ಕೆ ದಿಕ್ಕಿನ ಬಟನ್, ಬಲಕ್ಕೆ ನಾಲ್ಕು ಬಟನ್. ಇಂಥ ಹ್ಯಾಂಡ್‌ಹೆಲ್ಡ್‌ಗಳು ಈಗ ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಆನ್‌ಬರ್ನಿಕ್, ಮಿಯೂ ಅಂತ ಚೀನಾ ಕಂಪನಿಗಳ ಹೆಸರು ನೀವೂ ಕೇಳಿರಬಹುದು. ಕೊಂಡವರಲ್ಲಿ ಬಹಳಷ್ಟು ಜನ ಏನು ಮಾಡುತ್ತಾರೆ ಅಂದರೆ, ಡಬ್ಬಿ ಬಿಚ್ಚಿ, ಆನ್ ಮಾಡಿ, ಒಳಗೆ ತುಂಬಿ ಕಳಿಸಿರುವ ಸಾವಿರಾರು ಗೇಮ್‌ಗಳ ಪಟ್ಟಿ ಉರುಳಿಸುತ್ತಾ, ಇದನ್ನು ಎರಡು ನಿಮಿಷ ಅದನ್ನು ಎರಡು ನಿಮಿಷ ಆಡಿ, ಸ್ವಲ್ಪ ದಿನಕ್ಕೇ ಬೇಜಾರಾಗಿ ಡ್ರಾಯರ್‌ಗೆ ಹಾಕಿಬಿಡುತ್ತಾರೆ.

ಹಾಗಾಗಬಾರದು ಅಂದರೆ ಯಂತ್ರದ ಜೊತೆ ಬಂದ ಮೆಮೊರಿ ಕಾರ್ಡನ್ನು ತೆಗೆದಿಟ್ಟು, ನಿಮ್ಮದೇ ಕಾರ್ಡ್ ಹಾಕಿ, ಅದರಲ್ಲಿ ಹತ್ತೇ ಹತ್ತು ಗೇಮ್ ಇಡಿ. ಈ ಲೇಖನ ಇರುವುದೇ ಅದಕ್ಕೆ.

ನಮ್ಮಲ್ಲಿ ಈ ರೋಗ ಹೊಸದೇನಲ್ಲ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನೋ ಟಿವಿ ಗೇಮ್ ಯಂತ್ರ ಬಿಟ್ಟಿತು. ಅದರ ನಕಲು ಯಂತ್ರಗಳು ತೊಂಬತ್ತರ ದಶಕದಲ್ಲಿ ಲಿಟಲ್ ಮಾಸ್ಟರ್, ಮೀಡಿಯಾ ಅಂತ ಬೇರೆ ಬೇರೆ ಹೆಸರಲ್ಲಿ ನಮ್ಮ ಟಿವಿಗಳಿಗೆ ಬಂದವು. ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತ ಬರೆದಿರುತ್ತಿತ್ತು. ಒಳಗೆ ನೋಡಿದರೆ ಒಂದಿಷ್ಟೇ ಗೇಮ್, ಉಳಿದದ್ದೆಲ್ಲ ಅದೇ ಮಾರಿಯೊ, ಅದೇ ಕಾಂಟ್ರಾ, ಬೇರೆ ಹೆಸರು ಬೇರೆ ಲೆವೆಲ್ಲಿನಿಂದ ಶುರು. ಬಿಟ್ಟಿ ಸಿಕ್ಕಿದರೆ ನಂಗೂ ಇರ್ಲಿ ನಮ್ಮಪ್ಪಂಗೂ ಇರ್ಲಿ ಅನ್ನೋ ಜನಕ್ಕೆ ಆ ದೊಡ್ಡ ಸಂಖ್ಯೆ ಆಗಲೂ ಸಾಕಾಗಿತ್ತು, ಈಗಲೂ ಸಾಕು.

ಕೊಳ್ಳುವ ಮುಂಚೆ

ಮೊದಲು ಫೋನಿನಲ್ಲಿ ಆಡಿ ನೋಡಿ. ಆಂಡ್ರಾಯ್ಡ್‌ಗೆ ರೆಟ್ರೋಆರ್ಚ್ ಆ್ಯಪ್ ಉಚಿತ. ಐಫೋನಿಗೆ 2024ರ ಏಪ್ರಿಲ್‌ನಲ್ಲಿ ಆಪಲ್ ಎಮ್ಯುಲೇಟರ್‌ಗಳಿಗೆ ಬಾಗಿಲು ತೆರೆದ ಮೇಲೆ ಡೆಲ್ಟಾ ಸಿಗುತ್ತೆ. ಎಮ್ಯುಲೇಟರ್ ಅಂದರೆ ಹಳೆಯ ಯಂತ್ರದ ಚಿಪ್ ಹೇಗೆ ಕೆಲಸ ಮಾಡುತ್ತಿತ್ತೋ ಹಾಗೇ ನಟಿಸುವ ಸಾಫ್ಟ್‌ವೇರ್. ಗಾಜಿನ ಮೇಲೆ ಬೆರಳಾಡಿಸಿ ಮಾರಿಯೊ ಹಾರಿಸುವುದು ನರಕ, ಅದು ನಿಜ. ಆದರೂ ಈ ಗೇಮ್‌ಗಳ ಮೇಲೆ ನಿಮಗೆ ಇನ್ನೂ ಆಸೆ ಇದೆಯಾ, ಇಲ್ಲ ಬರೀ ನೆನಪು ಮಾತ್ರವಾ ಅನ್ನೋದು ಒಂದು ಸಂಜೆಯಲ್ಲಿ ಗೊತ್ತಾಗಿಬಿಡುತ್ತೆ, ಅದೂ ಖರ್ಚಿಲ್ಲದೆ.

ಆಸೆ ಇದೆ ಅಂತಾದರೆ, ಶುರು ಮಾಡುವವರಿಗೆ ಎರಡು ಮಾದರಿ ಸಾಕು: ಮಿಯೂ ಮಿನಿ ಪ್ಲಸ್, ಆನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್ ಪ್ಲಸ್. ಎರಡಕ್ಕೂ 640 ಅಡ್ಡ, 480 ಉದ್ದ ಪಿಕ್ಸೆಲ್‌ನ ಪರದೆ. ಫ್ಯಾಮಿಕಾಮ್, ಗೇಮ್ ಬಾಯ್, ಗೇಮ್ ಬಾಯ್ ಅಡ್ವಾನ್ಸ್, ಸೂಪರ್ ನಿಂಟೆಂಡೊ, ಮೊದಲ ಪ್ಲೇಸ್ಟೇಷನ್‌ವರೆಗಿನ ಹಳೆಯ ಯಂತ್ರಗಳ ಗೇಮ್‌ಗಳನ್ನು ಎರಡೂ ಆರಾಮಾಗಿ ನಡೆಸುತ್ತವೆ. ಆನ್‌ಬರ್ನಿಕ್‌ನದಕ್ಕೆ ಟಿವಿಗೆ ಜೋಡಿಸುವ ಮಿನಿ ಎಚ್‌ಡಿಎಂಐ ಇದೆ, ಬ್ಲೂಟೂತ್ ಇದೆ, ಕಾರ್ಡ್‌ಗೆ ಎರಡು ಜಾಗ ಇದೆ. ಮಿಯೂದಲ್ಲಿ ಇವಿಲ್ಲ, ಆದರೆ ಅದರ ಸಾಫ್ಟ್‌ವೇರ್ ಹೆಚ್ಚು ನಯ. ಹೊರದೇಶದಿಂದ ನೇರವಾಗಿ ತರಿಸುವುದಾದರೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ, ಪಾರ್ಸೆಲ್ ಬಾಗಿಲಿಗೆ ಬಂದ ಮೇಲೆ ಜಗಳ ಆಡಿ ಪ್ರಯೋಜನ ಇಲ್ಲ.

ದುಡ್ಡು ಜಾಸ್ತಿ ಇದ್ದು ನಿಜವಾದ ಗೇಮ್ ಬಾಯ್ ಕ್ಯಾಸೆಟ್‌ಗಳೂ ಮನೆಯಲ್ಲಿದ್ದರೆ ಅನಲಾಗ್ ಪಾಕೆಟ್ ಬೇರೆಯದೇ ವಸ್ತು. ಹಳೆಯ ಯಂತ್ರದ ಸರ್ಕ್ಯೂಟನ್ನೇ ಚಿಪ್‌ನಲ್ಲಿ ಮರುಸೃಷ್ಟಿಸುವ ಯಂತ್ರ ಅದು, ಕ್ಯಾಸೆಟ್ ಹಾಕಿದರೆ ಆಯಿತು. ಈ ಲೇಖನದಲ್ಲಿ ಅದನ್ನು ಬಿಟ್ಟುಬಿಡುತ್ತೇನೆ.

ಕಾರ್ಡ್ ಬದಲಿಸುವುದು

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಯಂತ್ರದ ಜೊತೆ ಬರುವ ಮೈಕ್ರೋ ಎಸ್‌ಡಿ ಕಾರ್ಡ್ ಸಾಮಾನ್ಯವಾಗಿ ಹೆಸರಿಲ್ಲದ ಅಗ್ಗದ ಮಾಲು, ಯಾವತ್ತು ಕೈ ಕೊಡುತ್ತೋ ಹೇಳಲಾಗದು. ಅದು ಸತ್ತರೆ ನಿಮ್ಮ ಸೇವ್‌ಗಳೂ, ಅಂದರೆ ಎಲ್ಲಿವರೆಗೆ ಆಡಿದ್ದಿರಿ ಅನ್ನೋ ದಾಖಲೆಗಳೂ, ಜೊತೆಗೇ ಹೋಗುತ್ತವೆ. 64 ಜಿಬಿಯ ಹೆಸರುವಾಸಿ ಕಂಪನಿಯ ಕಾರ್ಡ್ ಒಂದು, ಒಂದು ಕಾರ್ಡ್ ರೀಡರ್ ಕೊಳ್ಳಿ. ಎಸ್‌.ಪಿ. ರಸ್ತೆಯಲ್ಲಾದರೂ ಸರಿ, ಆನ್‌ಲೈನ್‌ನಲ್ಲಾದರೂ ಸರಿ, ನಕಲಿ ಕಾರ್ಡ್ ಸಿಗುವ ಸಾಧ್ಯತೆ ಇದ್ದೇ ಇದೆ. ಮೇಲೆ 64 ಅಂತ ಬರೆದು ಒಳಗೆ 8 ಇರುತ್ತೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಅನ್ನೋ ಪುಟ್ಟ ಉಚಿತ ಸಾಫ್ಟ್‌ವೇರ್ ಹಾಕಿ ಪೂರ್ತಿ ಕಾರ್ಡ್ ಪರೀಕ್ಷಿಸಿ. ಸಮಯ ಹಿಡಿಯುತ್ತೆ, ಹಿಡಿಯಲಿ.

64 ಜಿಬಿ ಕಮ್ಮಿ ಆಯಿತು ಅನಿಸುತ್ತಿದೆಯಾ? ಸೂಪರ್ ಮಾರಿಯೊ ಬ್ರದರ್ಸ್ ಇಡೀ ಗೇಮ್ 40 ಕಿಲೋಬೈಟ್. ನಿಮ್ಮ ವಾಟ್ಸ್‌ಆ್ಯಪ್‌ಗೆ ಬೆಳಿಗ್ಗೆ ಬರುವ ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದು. ಗೇಮ್ ಬಾಯ್ ಅಡ್ವಾನ್ಸ್‌ನ ಅತಿ ದೊಡ್ಡ ಗೇಮ್ ಅಂದರೂ 32 ಎಂಬಿ. ಸಿಡಿಯಲ್ಲಿ ಬರುತ್ತಿದ್ದ ಪ್ಲೇಸ್ಟೇಷನ್ ಗೇಮ್ ಮಾತ್ರ ಒಂದೊಂದು ಐನೂರು ಆರುನೂರು ಎಂಬಿ ತಿನ್ನುತ್ತೆ.

ಹೊಸ ಕಾರ್ಡಿಗೆ ಹೊಸ ವ್ಯವಸ್ಥೆ, ಅಂದರೆ ಯಂತ್ರವನ್ನು ನಡೆಸುವ ಸಾಫ್ಟ್‌ವೇರ್, ಹಾಕಬೇಕು. ಮಿಯೂಗೆ ಆನಿಯನ್ ಓಎಸ್, ಆನ್‌ಬರ್ನಿಕ್‌ಗೆ ಮುಓಎಸ್ ಅಥವಾ ಕ್ನುಲ್ಲಿ. ಎಲ್ಲವೂ ಉಚಿತ, ಆಸಕ್ತರು ಕೂಡಿ ಬರೆದದ್ದು. ಮಿಯೂ ವಿಷಯ ಸುಲಭ: ಕಾರ್ಡನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಆನಿಯನ್‌ನ ಫೈಲ್‌ಗಳನ್ನು ಹಾಗೇ ಕಾಪಿ ಮಾಡಿ, ಯಂತ್ರಕ್ಕೆ ಹಾಕಿ ಆನ್ ಮಾಡಿದರೆ ತಾನೇ ಇನ್‌ಸ್ಟಾಲ್ ಆಗುತ್ತೆ.

ಆನ್‌ಬರ್ನಿಕ್‌ಗೆ ಕೆಲಸ ಸ್ವಲ್ಪ ಜಾಸ್ತಿ. ನಿಮ್ಮದೇ ಮಾದರಿಯ ಇಮೇಜ್ ಫೈಲ್ (ಇಡೀ ವ್ಯವಸ್ಥೆಯನ್ನು ಒಂದೇ ಫೈಲ್‌ನಲ್ಲಿ ಕಟ್ಟಿಟ್ಟದ್ದು) ಡೌನ್‌ಲೋಡ್ ಮಾಡಿ. ಆರ್‌ಜಿ35ಎಕ್ಸ್‌ಎಕ್ಸ್ ಬೇರೆ, ಆರ್‌ಜಿ35ಎಕ್ಸ್‌ಎಕ್ಸ್ ಪ್ಲಸ್ ಬೇರೆ, ಹೆಸರು ಹತ್ತಿರ ಅಂತ ಮೋಸ ಹೋಗಬೇಡಿ. ಆಮೇಲೆ ಬಲೀನಾ ಎಚರ್ ಅಥವಾ ರೂಫಸ್ ಅನ್ನೋ ಉಚಿತ ಸಾಫ್ಟ್‌ವೇರ್ ತೆರೆದು ಆ ಇಮೇಜನ್ನು ಕಾರ್ಡಿಗೆ ಬರೆಯಿರಿ. ಬರೆದು ಮುಗಿದ ತಕ್ಷಣ ವಿಂಡೋಸ್ ‘ಈ ಡಿಸ್ಕ್ ಫಾರ್ಮ್ಯಾಟ್ ಮಾಡಲಾ?’ ಅಂತ ಕೇಳಬಹುದು. ಈ ವ್ಯವಸ್ಥೆ ಲಿನಕ್ಸ್‌ನದು, ವಿಂಡೋಸ್‌ಗೆ ಅದರ ಭಾಗ ಓದಲು ಬರಲ್ಲ, ಹಾಗಾಗಿ ಕೇಳುತ್ತೆ. ಕ್ಯಾನ್ಸಲ್ ಒತ್ತಿ. ಎಷ್ಟು ಸಲ ಕೇಳಿದರೂ ಕ್ಯಾನ್ಸಲ್. ಕಾರ್ಡನ್ನು ಒಂದನೇ ಜಾಗಕ್ಕೆ ಹಾಕಿ ಆನ್ ಮಾಡಿದಾಗ ಮೊದಲ ಸಲ ಕೆಲವು ನಿಮಿಷ ಹಿಡಿಯುತ್ತೆ, ಪರದೆ ಕಪ್ಪಗಿದೆ ಅಂತ ಗಾಬರಿಯಾಗಿ ಪವರ್ ಬಟನ್ ಅದುಮಬೇಡಿ.

ಹಳೆಯ ಕಾರ್ಡನ್ನು ಎಸೆಯಬೇಡಿ. ಏನಾದರೂ ಕೆಟ್ಟರೆ, ತಪ್ಪು ಯಂತ್ರದ್ದೋ ಕಾರ್ಡಿನದ್ದೋ ಅಂತ ನೋಡಲು ಅದು ಬೇಕಾಗುತ್ತೆ.

ಗೇಮ್ ಎಲ್ಲಿಂದ?

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಯಂತ್ರ ಕೊಳ್ಳುವುದು, ಎಮ್ಯುಲೇಟರ್ ಬಳಸುವುದು ತಪ್ಪಲ್ಲ. ಆದರೆ ಮಾರಿಯೊ ಆಗಲಿ ಕಾಂಟ್ರಾ ಆಗಲಿ ಇವತ್ತಿಗೂ ಕಂಪನಿಗಳ ಸ್ವತ್ತು, ಹಳೆಯದಾಯಿತು ಅಂತ ಯಾರದೂ ಅಲ್ಲದ ಮಾಲಾಗಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್, ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಂನ ಪ್ರತಿಯಿಂದ ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತೆ. ಗಮನಿಸಿ, ನಿಮ್ಮ ಹತ್ತಿರ ಇರುವ ಪ್ರತಿಯಿಂದ. ಯಾರೋ ಅಂತರ್ಜಾಲದಲ್ಲಿ ಹಾಕಿದ್ದು ಅದರಲ್ಲಿ ಸೇರಲ್ಲ.

ಹಾಗಾದರೆ ಅಟ್ಟದ ಮೇಲಿರುವ ಆ ಹಳದಿ, ಕಪ್ಪು ಕ್ಯಾಸೆಟ್‌ಗಳು? ಬೇಜಾರಿನ ವಿಷಯ ಅಂದರೆ ಅವುಗಳಲ್ಲಿ ಹೆಚ್ಚಿನವೇ ಕದ್ದು ಮಾಡಿದ ನಕಲು, ಅದರಿಂದ ನಕಲು ಮಾಡಿದರೆ ನ್ಯಾಯ ಆಗಲ್ಲ, ಅಲ್ವಾ? ನಿಜವಾದ ಗೇಮ್ ಬಾಯ್ ಅಥವಾ ಅಡ್ವಾನ್ಸ್ ಕ್ಯಾಸೆಟ್ ಇದ್ದರೆ ಮಾತ್ರ ಜಿಬಿ ಆಪರೇಟರ್ ಥರದ ರೀಡರ್‌ಗೆ ಚುಚ್ಚಿ, ಯುಎಸ್‌ಬಿಯಿಂದ ಕಂಪ್ಯೂಟರ್‌ಗೆ ಜೋಡಿಸಿ ಗೇಮನ್ನೂ ಅದರೊಳಗಿನ ಸೇವನ್ನೂ ಇಳಿಸಿಕೊಳ್ಳಬಹುದು. ಮೊದಲ ಗೇಮ್ ಬಾಯ್‌ನ ಹಳೆಯ ಪೋಕೆಮಾನ್ ಇದ್ದವರು ಇದನ್ನು ಬೇಗ ಮಾಡಿ. ಆ ಕ್ಯಾಸೆಟ್‌ಗಳು ಸೇವ್ ಉಳಿಸಿಕೊಳ್ಳುವುದು ಒಳಗಿನ ಬಟನ್ ಸೆಲ್‌ನ ದಯೆಯಿಂದ. ಸೆಲ್ ಮುಗಿದ ದಿನ ನಿಮ್ಮ ಪಿಕಾಚು ಇಲ್ಲ.

ಕ್ಯಾಸೆಟ್ ಇಲ್ಲದವರಿಗೂ ದಾರಿ ಇದೆ, ನನಗೆ ಈ ದಾರಿಯೇ ಇಷ್ಟ. ಹಳೆಯ ಯಂತ್ರಗಳಿಗೆ ಇವತ್ತಿಗೂ ಹೊಸ ಗೇಮ್ ಬರೆಯುವವರಿದ್ದಾರೆ. ‘ಮೈಕ್ರೋ ಮೇಜಸ್’ ಅದರಲ್ಲಿ ಮೇಲು. ಮಾರಿಯೊನಂತೆ ಅದೂ 40 ಕಿಲೋಬೈಟ್ ಒಳಗೇ ಕೂತಿದೆ, ನಾಲ್ಕು ಜನ ಒಟ್ಟಿಗೆ ಆಡಬಹುದು. ಕೊಂಡರೆ ಗೇಮ್ ಫೈಲ್ ನಿಮ್ಮ ಕೈಗೇ ಸಿಗುತ್ತೆ. ಗೇಮ್ ಬಾಯ್‌ಗೆ ‘ಟೋಬು ಟೋಬು ಗರ್ಲ್’ ಉಚಿತ, ಕೋಡ್ ಕೂಡ ಮುಕ್ತ. ಗೇಮ್ ಬಾಯ್ ಕಲರ್‌ಗೆ ನಗರ ಕಟ್ಟುವ ‘ಮೈಕ್ರೋ ಸಿಟಿ’, ಅದೂ ಮುಕ್ತ. ಅಡ್ವಾನ್ಸ್‌ಗೆ ‘ಅಂಗೂನಾ’ ಅನ್ನೋ ಸಾಹಸದ ಆಟ ಉಚಿತ. ಜಪಾನಿನ ಒಬ್ಬನೇ ವ್ಯಕ್ತಿ ವರ್ಷಗಟ್ಟಲೆ ಕೂತು ಬರೆದು 2004ರಲ್ಲಿ ಉಚಿತವಾಗಿ ಬಿಟ್ಟ ‘ಕೇವ್ ಸ್ಟೋರಿ’ಯನ್ನು ಈ ಯಂತ್ರಗಳಲ್ಲಿ ಆಡದಿದ್ದರೆ ಯಂತ್ರ ಕೊಂಡದ್ದೇ ದಂಡ. 1993ರ ‘ಡೂಮ್’ನ ಮೊದಲ ಕಂತು ಶೇರ್‌ವೇರ್, ಹಂಚಲು ಅನುಮತಿ ಇದೆ. ಗೇಮ್ ನಡೆಸುವ ಎಂಜಿನ್ನಿನ ಕೋಡನ್ನು 1997ರಲ್ಲೇ ಬಹಿರಂಗ ಮಾಡಿದ್ದರಿಂದ ಇವತ್ತು ಅದು ಎಲ್ಲಿ ಬೇಕಾದರೂ ಓಡುತ್ತೆ. ಆನ್‌ಬರ್ನಿಕ್‌ನಲ್ಲಾದರೆ ಪೋರ್ಟ್‌ಮಾಸ್ಟರ್ ಅನ್ನೋ ಸಾಧನದಿಂದ ಇಂಥ ಗೇಮ್‌ಗಳನ್ನು ವೈಫೈ ಮೂಲಕವೇ ಹಾಕಿಕೊಳ್ಳಬಹುದು.

ಕಾಂಟ್ರಾನೇ ಬೇಕು ಅಂತ ಹಟ ಇದ್ದರೆ, ಕೊನಾಮಿ 2019ರಲ್ಲಿ ‘ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್’ ಬಿಟ್ಟಿದೆ. ಅದು ಈ ಪುಟ್ಟ ಯಂತ್ರಗಳಲ್ಲಿ ನಡೆಯಲ್ಲ, ನಿಂಟೆಂಡೊ ಸ್ವಿಚ್ ಅಥವಾ ಸ್ಟೀಮ್ ಡೆಕ್ ಥರದ ದೊಡ್ಡ ಯಂತ್ರ ಬೇಕು. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿದರೆ ಮೂರರ ಬದಲು 30 ಜೀವ ಸಿಗುವುದು ಮನೆಯ ಟಿವಿಯಲ್ಲಿ ಆಡುವ 1988ರ ಆವೃತ್ತಿಯಲ್ಲಿ. ನಾಣ್ಯ ಹಾಕಿ ಆಡುವ ಆರ್ಕೇಡ್‌ನದು ಬೇರೆ, ಅದರಲ್ಲಿ ಒತ್ತಿ ಕಾಯಬೇಡಿ.

ಫೈಲ್‌ಗಳನ್ನು ಯಾವ ಫೋಲ್ಡರ್‌ಗೆ ಹಾಕಬೇಕು ಅನ್ನೋದು ಆಯಾ ವ್ಯವಸ್ಥೆಯ ಸೂಚನೆಯಲ್ಲಿ ಇರುತ್ತೆ. ಹಾಕಿ, ಪಟ್ಟಿ ರಿಫ್ರೆಶ್ ಮಾಡಿ.

ಚಿತ್ರ ಸರಿ ಮಾಡಿಕೊಳ್ಳುವುದು

ಯಾರೂ ಮುಟ್ಟದ ಸೆಟ್ಟಿಂಗ್ ಇದು. ಗೇಮ್ ಬಾಯ್‌ನ ಚಿತ್ರ 160 ಅಡ್ಡ, 144 ಉದ್ದ. ಮೂರರಿಂದ ಗುಣಿಸಿದರೆ 480, 432. ನಿಮ್ಮ 640, 480ರ ಪರದೆಯಲ್ಲಿ ಸಲೀಸಾಗಿ ಕೂರುತ್ತೆ, ಒಂದೊಂದು ಚುಕ್ಕಿಯೂ ಸಮ ಚೌಕ. ಫ್ಯಾಮಿಕಾಮ್‌ನ 256, 240 ಎರಡು ಪಟ್ಟಾದರೆ 512, 480. ಈ ಯಂತ್ರಗಳ ಒಳಗೂ ಇರುವ ರೆಟ್ರೋಆರ್ಚ್‌ನ ವಿಡಿಯೋ ಮೆನುವಿನಲ್ಲಿ ‘ಇಂಟಿಜರ್ ಸ್ಕೇಲ್’ ಆನ್ ಮಾಡಿದರೆ ಹೀಗೆ ಪೂರ್ಣ ಸಂಖ್ಯೆಯಲ್ಲೇ ಹಿಗ್ಗುತ್ತೆ. ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯುತ್ತೆ, ಉಳಿಯಲಿ ಬಿಡಿ. ಟಿವಿಯಲ್ಲಿ ಮಾರಿಯೊ ಇದಕ್ಕಿಂತ ಸ್ವಲ್ಪ ಅಗಲವಾಗಿ ಕಾಣುತ್ತಿದ್ದ ಅಂತ ವಾದಿಸುವವರಿದ್ದಾರೆ, ಅವರ ಮಾತು ಸರಿಯೇ. ಆದರೂ ಹಿಗ್ಗಿಸಿ ತುಂಬಿಸಿದಾಗ ಪರದೆ ಸರಿಯುವಾಗೆಲ್ಲ ಚುಕ್ಕಿಗಳು ಮಿಣಮಿಣ ಅನ್ನುವುದು ನನಗೆ ಸಹಿಸಲಾಗಲ್ಲ.

ಅಡ್ವಾನ್ಸ್ ಒಂದೇ ತಲೆನೋವು. 240 ಅಡ್ಡ, 160 ಉದ್ದ. ಎರಡು ಪಟ್ಟು ಮಾಡಿದರೆ ಚಿತ್ರ ಚಿಕ್ಕದು, ಪೂರ್ತಿ ಅಗಲಕ್ಕೆ ಎಳೆದರೆ ಎರಡೂ ಮುಕ್ಕಾಲಿಗೆ ಸ್ವಲ್ಪ ಕಮ್ಮಿ ಪಟ್ಟು, ಚುಕ್ಕಿಗಳು ಸೊಟ್ಟ. ಇಲ್ಲಿ ಮಾತ್ರ ಪೂರ್ತಿ ಅಗಲಕ್ಕೆ ಎಳೆದು ‘ಬೈಲೀನಿಯರ್’ ಫಿಲ್ಟರ್ ಹಾಕಿ, ಅಂಚು ಕೊಂಚ ಮೆತ್ತಗಾಗುತ್ತೆ, ಕಣ್ಣಿಗೆ ಹಿತ. ಇನ್ನೊಂದು: 2001ರ ಆ ಯಂತ್ರದ ಪರದೆಗೆ ಹಿಂದಿನಿಂದ ಬೆಳಕೇ ಇರಲಿಲ್ಲ. ಹಾಗಾಗಿ ಗೇಮ್ ಮಾಡಿದವರು ಬಣ್ಣಗಳನ್ನು ಬೇಕಂತಲೇ ಹೆಚ್ಚು ಹೊಳಪಾಗಿ ಹಾಕಿದ್ದರು. ಇವತ್ತಿನ ಹೊಳೆಯುವ ಪರದೆಯಲ್ಲಿ ಅವು ಜಾತ್ರೆ ಬಲೂನಿನಂತೆ ಕಣ್ಣು ಕುಕ್ಕುತ್ತವೆ. ಎಂಜಿಬಿಎ ಎಮ್ಯುಲೇಟರ್‌ನ ಆಯ್ಕೆಗಳಲ್ಲಿ ‘ಕಲರ್ ಕರೆಕ್ಷನ್’ ಆನ್ ಮಾಡಿ.

ಸೇವ್ ಕಳೆದುಕೊಳ್ಳದಿರಲು

ಸೇವ್ ಎರಡು ಥರ. ಗೇಮ್ ಒಳಗೇ ಹೋಗಿ ಮಾಡುವ ಸೇವ್ ಒಂದು. ಎಮ್ಯುಲೇಟರ್ ಆ ಕ್ಷಣವನ್ನು ಹಾಗೇ ಹಿಡಿದಿಡುವ ‘ಸೇವ್ ಸ್ಟೇಟ್’ ಇನ್ನೊಂದು. ಎರಡನ್ನೂ ಬೆರೆಸಿದರೆ ಪೆಟ್ಟು ತಿನ್ನುತ್ತೀರಿ. ಇವತ್ತು ಗೇಮ್ ಒಳಗೆ ಸೇವ್ ಮಾಡಿ, ನಾಳೆ ಹೋದ ವಾರದ ಸ್ಟೇಟ್ ತೆರೆದರೆ, ಅದರ ಜೊತೆ ಹೋದ ವಾರದ ಗೇಮ್ ಸೇವ್ ಕೂಡ ಬಂದು ಇವತ್ತಿನದರ ಮೇಲೆ ಕೂರುತ್ತೆ. ಉದ್ದದ ಗೇಮ್‌ಗಳಿಗೆ ಗೇಮ್ ಸೇವ್, ಕಷ್ಟದ ಪುಟ್ಟ ಗೇಮ್‌ಗಳಿಗೆ ಸ್ಟೇಟ್, ಹೀಗೆ ಹಂಚಿಕೊಳ್ಳಿ.

ಗೇಮ್ ಸೇವ್ ಎಷ್ಟೋ ಸಲ ಕಾರ್ಡಿಗೆ ಬರೆಯುವುದು ನೀವು ಗೇಮ್‌ನಿಂದ ಹೊರಬಂದಾಗ ಮಾತ್ರ. ನಡುವೆ ಚಾರ್ಜ್ ಮುಗಿದರೆ ಹೋಯಿತು. ರೆಟ್ರೋಆರ್ಚ್‌ನಲ್ಲಿ ‘ಆಟೋಸೇವ್ ಇಂಟರ್ವಲ್’ ಅನ್ನು ಒಂದು ನಿಮಿಷಕ್ಕೆ ಇಡಿ. ಆಗಾಗ ಸೇವ್ ಫೋಲ್ಡರನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿ.

ಚಾರ್ಜಿಂಗ್ ಬಗ್ಗೆಯೂ ಒಂದು ಮಾತು. ಫೋನಿನ ಫಾಸ್ಟ್ ಚಾರ್ಜರ್ ಬೇಡ. ಸಾದಾ 5 ವೋಲ್ಟ್‌ನ ಹಳೇ ಚಾರ್ಜರ್, ಒಂದು ತುದಿ ಅಗಲದ ಯುಎಸ್‌ಬಿ ಇನ್ನೊಂದು ತುದಿ ಸಿ ಇರುವ ಕೇಬಲ್ ಸಾಕು.

ಮನೆಗೆ ನೆಂಟರು ಬಂದಾಗ ನಾಲ್ಕು ಜನ ಕೂತು ಮೈಕ್ರೋ ಮೇಜಸ್ ಆಡಬೇಕು ಅಂದರೆ ಆನ್‌ಬರ್ನಿಕ್‌ಗೆ ಮಿನಿ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಜೋಡಿಸಿ, ಬ್ಲೂಟೂತ್ ಕಂಟ್ರೋಲರ್‌ಗಳನ್ನು ಒಂದೊಂದಾಗಿ ಪೇರ್ ಮಾಡಿ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬಟನ್ ಒತ್ತಿದ ಮೇಲೆ ಪರದೆಯಲ್ಲಿ ಜಿಗಿತ ಒಂದು ಕ್ಷಣ ತಡವಾಗಿ ಬರುತ್ತೆ, ಸೋತವರೆಲ್ಲ ಟಿವಿಯನ್ನೇ ಬೈಯುತ್ತಾರೆ.