ಅವ್ವ-ಅಪ್ಪನ್ನ ವೃದ್ಧಾಶ್ರಮಕ್ಕ ಸೇರ್ಸೂ ಮೊದ್ಲ ಏನ್ ನೋಡ್ಬೇಕು?

ನಮ್ಮ ದೊಡ್ಡವ್ವನ ಸಲುವಾಗಿ ವಿಜಯಪುರದಾಗ ಮೂರ್ನಾಕು ಕಡೆ ತಿರಗ್ಯಾಡಿದ ಮ್ಯಾಲೆ ಹೇಳಾಕತ್ತೀನಿ, ಮೊದ್ಲ ಫೋನ್ ಮಾಡಿ ಹೋಗ್ಬ್ಯಾಡ್ರಿ. ಹೇಳಿ ಹೋದ್ರ ಫಿನಾಯಿಲ್ ಹೊಡದು, ಹೊಸಾ ಚಾದರ ಹಾಸಿ ಕುಂತಿರ್ತಾರ. ಮಧ್ಯಾಹ್ನ ಊಟದ ಹೊತ್ತಿಗೆ ಸುಮ್ನ ಹೋಗ್ರಿ. ಕಟಕ್ ರೊಟ್ಟಿ ಕೊಟ್ರ ಹಲ್ಲಿಲ್ಲದವ್ರು ಹೆಂಗ ತಿಂತಾರ, ಸಾರಿನ್ಯಾಗ ನೆನಸಿ ಕೊಡ್ತಾರೋ ಇಲ್ಲಾ ತಾಟು ಹಂಗ ವಾಪಸ್ ಹೋಗ್ತೈತೋ ನೋಡ್ರಿ.

ಆಮ್ಯಾಲೆ ಸೀದಾ ಬಚ್ಚಲಕ್ಕ ಹೋಗ್ರಿ, ವಯಸ್ಸಾದವ್ರು ಬೀಳೋದು ಜಾಸ್ತಿ ಅಲ್ಲೇ. ಟೈಲ್ಸ್ ಜಾರ್ತಾವೇನು, ಗ್ವಾಡಿಗೆ ಹಿಡ್ಕೊಳ್ಳಾಕ ರಾಡ್ ಐತೇನು, ಒಳಗ ಬಿದ್ರ ಚಿಲಕ ಹೊರಗಿಂದ ತಗೀಬೋದೇನು. ಟಿವಿ, ಗಾರ್ಡನ್ ಆಮ್ಯಾಲೆ ನೋಡಿದ್ರಾತು.

ಹಾಸಿಗಿ ಹಿಡದವ್ರು ಇದ್ರ ಇದು ಭಾಳ ಮುಖ್ಯ: ಸುಮಾರು 2 ತಾಸಿಗೊಮ್ಮೆ ಮಗ್ಗಲಾ ಬದ್ಲಿಸ್ಬೇಕು, ಇಲ್ಲಂದ್ರ ಹಿಮ್ಮಡಿ, ಸೊಂಟದ ಕೆಳಗ ಒತ್ತಿ ಒತ್ತಿ ಹುಣ್ಣಾಗ್ತಾವ, ಒಮ್ಮೆ ಆದ್ರ ಲಗೂನ ಮಾಯೂದಿಲ್ಲ. ಮಗ್ಗಲಾ ಬದ್ಲಿಸಿದ್ದು ಬರ್ದಿಡೋ ರಜಿಸ್ಟರ್ ಕೇಳ್ರಿ. ನಾವ್ ನೋಡಿದ ಒಂದ್ ಕಡೆ ಇಡೀ ವಾರದ್ದು ಒಂದೇ ಪೆನ್ನಿನ್ಯಾಗ, ಒಂದೇ ಕೈಬರಹದಾಗ ಇತ್ತು, ಮುಂಜಾನಿ-ರಾತ್ರಿ ಎಲ್ಲಾ ಒಬ್ಬಾಕಿನೇ ಡ್ಯೂಟಿ ಮಾಡಿದ್ಲಂತ! ಅಲ್ಲಿಂದ ಎದ್ದು ಬಂದ್ವಿ.

ಗುಳಿಗಿ ಡಬ್ಬಿ ಮ್ಯಾಲೆ ಹೆಸರು ಬರ್ದಿರ್ಬೇಕು. ರಾತ್ರಿ ಎಷ್ಟ್ ಮಂದಿ ಇರ್ತಾರ, ದವಾಖಾನಿಗೆ ಒಯ್ಯಾಕ ಗಾಡಿ ಯಾವ್ದು, ಬ್ಯಾಸಗ್ಯಾಗ ಕರೆಂಟ್ ಹೋದ್ರ ಫ್ಯಾನಿಗೆ ಏನ್ ವ್ಯವಸ್ಥೆ, ಇದನ್ನ ಮ್ಯಾನೇಜರ್‌ಗೆ ಅಲ್ಲ, ಆಯಾಗ ಕೇಳ್ರಿ.

ಸೇರಿಸಿದ ಮ್ಯಾಲೂ ಆಗಾಗ ಟೈಮ್ ಬದ್ಲಿಸಿ ಹೋಗ್ರಿ. ಏನರ ತಪ್ಪು ಕಂಡ್ರ ಹಿರಿಯರ ಸಹಾಯವಾಣಿ 14567ಕ್ಕ ಫೋನ್ ಹಚ್ರಿ, ರೊಕ್ಕ ಹತ್ತೂದಿಲ್ಲ.