ದಾಳಿಂಬೆ ಕಳ್ಳತನ ತಡೆಯಲು ನಾನು ಮಾಡಿಕೊಂಡ ವ್ಯವಸ್ಥೆ

ಕುಷ್ಟಗಿ ಕಡೆ ದಾಳಿಂಬೆ ಹಾಕಿದವರನ್ನು ದುಂಡಾಣು ಅಂಗಮಾರಿ ರೋಗದ ಬಗ್ಗೆ ಕೇಳಿ ನೋಡಿ, ಗಂಟೆಗಟ್ಟಲೆ ಹೇಳುತ್ತಾರೆ. ಕಳ್ಳತನದ ಮಾತು ಬಂದರೆ ಮಾತ್ರ "ಏನ್ ಮಾಡೋದ್ರೀ, ಇದ್ದದ್ದೇ" ಅಂತ ಸುಮ್ಮನಾಗುತ್ತಾರೆ. ರೋಗಕ್ಕೆ ಅಷ್ಟೊಂದು ಔಷಧಿ ಹೊಡೆದು ಉಳಿಸಿಕೊಂಡ ಹಣ್ಣನ್ನು ಕೊನೆಗೆ ಯಾರೋ ಚೀಲಕ್ಕೆ ತುಂಬಿಕೊಂಡು ಹೋದರೆ ಹೊಟ್ಟೆ ಉರಿಯುವುದಿಲ್ಲವಾ?

ನಮ್ಮದು ಮಸಾರಿ (ಕೆಂಪು ಮಣ್ಣಿನ) ಹೊಲ, ಭಗವಾ ತಳಿ, ಹಸ್ತ ಬಹಾರ್ ಅನ್ನುವ ಹಂಗಾಮು. ಮಳೆಗಾಲ ಮುಗಿಯುವ ಹೊತ್ತಿಗೆ ಹೂ ಬಿಟ್ಟು, ಬೇಸಿಗೆ ಶುರುವಾಗುವಾಗ ಹಣ್ಣು ಕೈಗೆ ಬರುತ್ತದೆ. ಹೂವಿನಿಂದ ಹಣ್ಣಿಗೆ ಸುಮಾರು ಆರು ತಿಂಗಳು. ಇಷ್ಟು ದಿನವೂ ರಾತ್ರಿ ಕಾಯಲು ಯಾರಿಂದಲೂ ಆಗುವುದಿಲ್ಲ, ಕಾಯುವ ಅಗತ್ಯವೂ ಇಲ್ಲ. ಮಾವನ್ನು ಕಾಯಿ ಇದ್ದಾಗಲೇ ಕಿತ್ತು ಹುಲ್ಲಲ್ಲಿ ಮುಚ್ಚಿಟ್ಟರೆ ಹಣ್ಣಾಗುತ್ತದೆ. ದಾಳಿಂಬೆ ಗಿಡದಿಂದ ಬಿಡಿಸಿದ ಮೇಲೆ ಹಣ್ಣಾಗುವುದೇ ಇಲ್ಲ. ಹಾಗಾಗಿ ಮಾರುವ ಉದ್ದೇಶದಿಂದ ಬರುವವನೂ ನಮ್ಮ ಹಾಗೆಯೇ ಬಣ್ಣ ತುಂಬುವವರೆಗೆ ಕಾಯಬೇಕು. ನನ್ನ ದುಡ್ಡು, ನಿದ್ದೆ ಎರಡನ್ನೂ ನಾನು ಆ ಕೊನೆಯ ಒಂದು ತಿಂಗಳಿಗೇ ಇಟ್ಟುಕೊಳ್ಳುತ್ತೇನೆ.

ಕಳುವಾದ ಗಿಡದ ತೊಟ್ಟು ನೋಡುವುದನ್ನು ಮೊದಲು ಕಲಿಯಿರಿ. ತೊಟ್ಟಿನ ಜೊತೆ ಸಿಪ್ಪೆ ಸೀಳಿ ಬಂದು, ರೆಂಬೆ ಮುರಿದಿದ್ದರೆ ಅದು ದಾರಿಹೋಕರು, ಹುಡುಗರು ತಿನ್ನಲು ಕಿತ್ತದ್ದು. ಅದು ಹೆಚ್ಚಾಗಿ ರಸ್ತೆ ಬದಿಯ ಸಾಲಿನಲ್ಲೇ ಆಗಿರುತ್ತದೆ. ತೊಟ್ಟನ್ನು ಕತ್ತರಿಯಿಂದ ಗಿಡ್ಡಗೆ, ನೀಟಾಗಿ ಕತ್ತರಿಸಿದ್ದರೆ, ಅದೂ ತೋಟದ ನಡುವಿನ ಸಾಲಲ್ಲಿ ದೊಡ್ಡ ಸೈಜಿನ ಹಣ್ಣೇ ಹೋಗಿದ್ದರೆ, ಬಂದವನಿಗೆ ಈ ಕೆಲಸ ಗೊತ್ತು, ತೋಟದ ಒಳಗೂ ಗೊತ್ತು. ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಮೊದಲನೆಯದಕ್ಕೆ ಬೇಲಿ ಸಾಕು. ತಂತಿಬೇಲಿಯ ಬುಡಕ್ಕೆ ಬಳ್ಳಾರಿ ಜಾಲಿಯ ಮುಳ್ಳು ಒತ್ತಿ ಕಟ್ಟಿಸಿದ್ದೇನೆ. ಅದರ ಒಳಬದಿಗೆ ಕವಳಿ ಅನ್ನುವ ಮುಳ್ಳಿನ ಗಿಡ ಹಚ್ಚಿದ್ದೇನೆ, ಬೆಳೆಯಲು ವರ್ಷಗಳೇ ಬೇಕು, ಆದರೆ ಬೆಳೆದ ಮೇಲೆ ನಾಯಿಯೂ ನುಸುಳುವುದಿಲ್ಲ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಬೇಲಿಗೆ ಲೈನಿನಿಂದ ನೇರ ಕರೆಂಟ್ ಕೊಡಬೇಡಿ. ದನ ಸಾಯುತ್ತವೆ, ಮನುಷ್ಯರು ಸಾಯುತ್ತಾರೆ, ನೀವು ಜೈಲಿಗೆ ಹೋಗುತ್ತೀರಿ. ಸೋಲಾರ್ ಬೇಲಿಯ ಮಾತು ಬೇರೆ, ಅದು ಬಿಟ್ಟು ಬಿಟ್ಟು ಹೊಡೆಯುವ ಶಾಕ್.

ಎರಡನೆಯವರಿಗೆ ಜನವೇ ಬೇಕು. ನಮ್ಮಲ್ಲಿ ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವುದು ಹಳೆ ಪದ್ಧತಿ, ಅಲ್ವಾ? ನಾನು ಅದನ್ನೇ ಕಾವಲಿಗೆ ಹೊಂದಿಸಿಕೊಂಡೆ. ಹಣ್ಣು ಕೆಂಪಾಗುವ ಹೊತ್ತಿಗೆ ತೋಟದ ಪಕ್ಕದ ಬೀಳು ಹೊಲದಲ್ಲಿ ಕುರಿಗಾರರಿಗೆ ಇಳಿಯಲು ಹೇಳುತ್ತೇನೆ. ಬೋರ್‌ವೆಲ್ ನೀರು, ಜೋಳ, ಮೇಲೆ ಒಪ್ಪಿದಷ್ಟು ದುಡ್ಡು. ಅವರು ಹೇಗೂ ಕುರಿ ಕಾಯಲು ರಾತ್ರಿ ಎದ್ದೇ ಇರುತ್ತಾರೆ, ಅವರ ನಾಯಿಗಳಂತೂ ಎಲೆ ಅಲುಗಿದರೂ ಬಿಡುವುದಿಲ್ಲ. ಕುರಿ ಮಾತ್ರ ತೋಟದೊಳಗೆ ಬರದಂತೆ ನೋಡಿಕೊಳ್ಳಬೇಕು, ದಾಳಿಂಬೆ ಚಿಗುರು ಕಂಡರೆ ಮುಗಿಯಿತು. ಊರಲ್ಲಿ ಜಾತ್ರೆ ಅಥವಾ ದೊಡ್ಡ ಮದುವೆ ಇದ್ದ ರಾತ್ರಿ ಮನೆಯವರೊಬ್ಬರು ತೋಟದಲ್ಲೇ ಮಲಗಬೇಕು. ಎಲ್ಲರೂ ಎಲ್ಲಿರುತ್ತಾರೆ ಅನ್ನುವುದು ಕಳ್ಳನಿಗೂ ಗೊತ್ತಿರುತ್ತದೆ.

ಕ್ಯಾಮೆರಾ ಹಾಕಿಸಿದ್ದೇನೆ, ಸೋಲಾರ್, ಸಿಮ್ ಹಾಕುವಂಥದ್ದು. ಅದರ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಜೇಡ ಬಲೆ ಕಟ್ಟಿದರೂ ಫೋನ್ ಕಿರಿಚುತ್ತದೆ, ರಾತ್ರಿ ಹತ್ತು ಸಲ ಎದ್ದು ನೋಡಿದ ಮೇಲೆ ಹನ್ನೊಂದನೇ ಸಲ ಯಾರು ನೋಡುತ್ತಾರೆ? ಗೇಟಿಗೆ ಒಂದು ಇಟ್ಟು, ಗಾಡಿ ಯಾವುದು ಬಂತು ಹೋಯಿತು ಅಂತ ನೋಡಲು ಬಳಸುತ್ತೇನೆ, ಅಷ್ಟಕ್ಕೆ ಅಡ್ಡಿಯಿಲ್ಲ.

ಹಣ್ಣು ಬಿಡಿಸಲು ಬರುವ ಹೆಣ್ಣುಮಕ್ಕಳ ಊಟದ ಚೀಲ ತಪಾಸಣೆ ಮಾಡುವ ತೋಟಗಳೂ ಇವೆ. ನನಗೆ ಅದು ಸೇರುವುದಿಲ್ಲ. ಸಂಜೆ ಸೀಳಿದ ಹಣ್ಣು, ಸಣ್ಣ ಸೈಜು ಒಂದು ಕಡೆ ಹಾಕಿ "ಅಕ್ಕಾರ, ಮನಿಗೆ ಒಯ್ರಿ" ಅಂತೀನಿ. ಎದುರಿಗೇ ಕೊಟ್ಟ ಮೇಲೆ ಕದ್ದು ಒಯ್ಯುವ ಮಾತು ಎಲ್ಲಿಂದ ಬಂತು? ಮೇಲಾಗಿ ಹೊಸ ಮುಖ ತೋಟದ ಸುತ್ತ ಅಡ್ಡಾಡಿದರೆ ಮೊದಲು ಹೇಳುವವರೂ ಅವರೇ.

ಇನ್ನು ಪೊಲೀಸ್ ಕಂಪ್ಲೇಂಟ್. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಳ್ಳತನಕ್ಕೆ ಸೆಕ್ಷನ್ 303. ಕಳುವಾದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವ ಹಾಗಿಲ್ಲ. ಕೆಜಿಗೆ 100 ರೂಪಾಯಿ ಅಂತ ಹಿಡಿದರೆ ಐವತ್ತು ಕೆಜಿಗೆ ಆ ಗೆರೆ ದಾಟುತ್ತದೆ. ಆದ್ದರಿಂದ "ಒಂದಿಷ್ಟು ಹಣ್ಣು ಹೋಗಿದೆ ಸಾಹೇಬ್ರೆ" ಅಂದರೆ ಕೆಲಸ ಆಗುವುದಿಲ್ಲ. ಎಷ್ಟು ಗಿಡ, ಗಿಡಕ್ಕೆ ಎಷ್ಟು ತೊಟ್ಟು ಕತ್ತರಿಸಿದೆ, ಅಂದಾಜು ತೂಕ, ಮಾರುಕಟ್ಟೆಯ ಇತ್ತೀಚಿನ ಪಟ್ಟಿಯ (ಮಾರಾಟದ ಲೆಕ್ಕದ ಚೀಟಿಯ) ದರ, ಇವನ್ನೆಲ್ಲ ಬರೆದು ಫೋಟೊ ಸಮೇತ ಕೊಡಿ. ಇರುವುದಕ್ಕಿಂತ ಜಾಸ್ತಿ ಬರೆಯಬೇಡಿ, ಎಣಿಸಲು ಬಂದರೆ ಮುಖ ಕೆಡುತ್ತದೆ. ಕಣ್ಣೆದುರಿಗೇ ನಡೆಯುತ್ತಿದ್ದರೆ ಒಬ್ಬರೇ ಕೋಲು ಹಿಡಿದು ಓಡಬೇಡಿ, 112ಕ್ಕೆ ಫೋನ್ ಮಾಡಿ.

ತೋಟದ ಕಳ್ಳತನ ಬೆಳಿಗ್ಗೆ ಕಣ್ಣಿಗಾದರೂ ಬೀಳುತ್ತದೆ. ಲಾರಿಯಲ್ಲಿ ಆಗುವುದು ಪಟ್ಟಿಯಲ್ಲಿ "ತೂಕ ಕಡಿಮೆ" ಅಂತ ಬಂದು ಕೂರುತ್ತದೆ. ಹಮಾಲರು, ಡ್ರೈವರ್, ಕ್ಲೀನರ್, ಢಾಬಾ, ಮಾರುಕಟ್ಟೆ, ಇಷ್ಟು ಕೈ ದಾಟುವಾಗ ಯಾರನ್ನು ಕೇಳುವುದು? ತಾಜಾ ಹಣ್ಣಿಗೆ ಜಿಎಸ್‌ಟಿ ಇಲ್ಲ, ಸರಕು ಸಾಗಣೆಯ ಇ-ವೇ ಬಿಲ್ಲೂ ಬೇಡ, ಅಂದರೆ ತಾನಾಗಿಯೇ ಹುಟ್ಟುವ ಕಾಗದ ಒಂದೂ ಇಲ್ಲ. ಕಾಗದ ನಾವೇ ಹುಟ್ಟಿಸಬೇಕು.

ನಮ್ಮ ಕ್ರೇಟಿಗೆ 20 ಕೆಜಿ ಹಿಡಿಯುತ್ತದೆ. ಪ್ರತಿ ಕ್ರೇಟಿಗೂ ಪೇಂಟಿನಲ್ಲಿ ನಂಬರ್ ಹಾಕಿದ್ದೇನೆ. ತುಂಬಿದ ಮೇಲೆ ಪೇಪರ್, ಅದರ ಮೇಲೆ ಹಳೆ ಶೇಡ್‌ನೆಟ್ ತುಂಡು, ನಾಲ್ಕು ಮೂಲೆಗೆ ಕೇಬಲ್ ಟೈ. ಕೇಬಲ್ ಟೈ ಕತ್ತರಿಸದೆ ಬಿಚ್ಚುವುದು ಸುಲಭವಲ್ಲ, ಕತ್ತರಿಸಿದರೆ ಗೊತ್ತಾಗುತ್ತದೆ. ಕೆಲವು ಕ್ರೇಟಿನ ಹಣ್ಣನ್ನು ಎಣಿಸಿ, ನಂಬರ್ ಸಮೇತ ಬರೆದಿಟ್ಟುಕೊಳ್ಳುತ್ತೇನೆ. ದಾರಿಯಲ್ಲಿ ಹಣ್ಣು ಸ್ವಲ್ಪ ಒಣಗಿ ತೂಕ ಇಳಿಯುವುದು ನಿಜ, ಆ ನೆಪವನ್ನು ಎಲ್ಲರೂ ಹೇಳುತ್ತಾರೆ. ಆದರೆ ಒಣಗಿದ ಹಣ್ಣು ಎಣಿಕೆಯಲ್ಲಿ ಕಡಿಮೆ ಆಗುವುದಿಲ್ಲವಲ್ಲ! ನಾನು ಎಣಿಸಿಟ್ಟ ಕ್ರೇಟನ್ನೇ ಅಲ್ಲಿಯೂ ಎಣಿಸಲು ಹೇಳಿದ ಮೇಲೆ ಆ ಮಾತು ನಿಂತೇಹೋಯಿತು.

ಲಾರಿಯನ್ನು ಖಾಲಿ ಇದ್ದಾಗ ಒಮ್ಮೆ, ತುಂಬಿದ ಮೇಲೆ ಒಮ್ಮೆ ಕಾಟಾ ಮಾಡಿಸಿ (ತೂಕ ಹಾಕಿಸಿ) ಎರಡೂ ಚೀಟಿಯ ಫೋಟೊ ಹಣ್ಣು ಮಾರಿಕೊಡುವ ಅಡತಿ ಅಂಗಡಿಗೆ, ಲಾರಿ ಮಾಲೀಕರಿಗೆ ಆಗಲೇ ಕಳಿಸುತ್ತೇನೆ. ಲಾರಿ ರಶೀದಿಯಲ್ಲಿ ಕ್ರೇಟಿನ ಸಂಖ್ಯೆ, ತೂಕ, ಹೊರಟ ಸಮಯ, ಡ್ರೈವರ್ ಸಹಿ. ತಾಡಪತ್ರಿ ಹಗ್ಗದ ಗಂಟು ಹಿಂದುಗಡೆ ಬರದಂತೆ ಕಟ್ಟಿಸಿ, ಏರು ದಾರಿಯಲ್ಲಿ ನಿಧಾನ ಹೋಗುವಾಗ ಹಿಂದಿನಿಂದ ಹತ್ತುವವರಿಗೆ ಅದು ಬೇಗ ಸಿಗಬಾರದು. ಡ್ರೈವರ್‌ನಿಂದ ವಾಟ್ಸಾಪ್ ಲೈವ್ ಲೊಕೇಶನ್ ಹಾಕಿಸುತ್ತೇನೆ. ಅದು ಎಂಟು ಗಂಟೆಗೆ ನಿಲ್ಲುತ್ತದೆ, ಸೊಲ್ಲಾಪುರಕ್ಕೆ ಸಾಕು, ಬೆಂಗಳೂರಿಗೆ ಮತ್ತೊಮ್ಮೆ ಹಾಕಬೇಕಾಗಬಹುದು. ಅನುಮಾನ ಬಂದರೆ ಟೋಲ್ ದಾಟಿದ ಫಾಸ್ಟ್ಯಾಗ್ ಮೆಸೇಜ್ ಲಾರಿ ಮಾಲೀಕರ ಫೋನಿನಲ್ಲಿ ಇರುತ್ತದೆ, ಎರಡು ಟೋಲ್ ನಡುವೆ ಎಷ್ಟು ಹೊತ್ತಾಯಿತು ನೋಡಿದರೆ ಆ ನಡುವೆ ಎಲ್ಲಾದರೂ ನಿಂತಿತ್ತಾ ಅಂತ ಅಂದಾಜಾಗುತ್ತದೆ.

ಇದಕ್ಕೆಲ್ಲ ಒಪ್ಪದ ಡ್ರೈವರ್‌ಗಳೂ ಇದ್ದಾರೆ. "ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ್ರಿ ಅಣ್ಣಾರ?" ಅಂತ ಒಬ್ಬ ಮುಖ ಗಂಟು ಹಾಕಿದ. ಮಾಲು ಸರಿ ಮುಟ್ಟಿದ್ದಕ್ಕೆ ಅವನ ಹತ್ತಿರವೂ ಪುರಾವೆ ಇರುತ್ತದೆ ಅಂತ ಹೇಳಿದೆ, ಸರಿಯಾಗಿ ಮುಟ್ಟಿಸಿದರೆ ಬಾಡಿಗೆ ಮೇಲೆ ಊಟದ ದುಡ್ಡು ಬೇರೆ ಕೊಡುತ್ತೇನೆ. ಈಗ ಅವನೇ ಕಾಟಾ ಚೀಟಿ ಕೇಳಿ ತೆಗೆದುಕೊಳ್ಳುತ್ತಾನೆ. ಪಕ್ಕದ ತೋಟದವರೂ ಈ ಸಲ ನಮ್ಮ ಲಾರಿಗೇ ಹಾಕುತ್ತಾರೆ. ಅವರ ಕ್ರೇಟಿಗೆ ಹಸಿರು ಟೈ, ನಮ್ಮದಕ್ಕೆ ಕೆಂಪು ಅಂತ ಮಾತಾಗಿದೆ.