ಲುಕೇಮಿಯಾ ಮಕ್ಕಳ ಕಣ್ಣು ನೋಡೋದು: ನನ್ನ ಅನುಭವ

ನಾನು ಕಣ್ಣಿನ ಡಾಕ್ಟ್ರು. ಬ್ಲಡ್ ಕ್ಯಾನ್ಸರ್ ಮಕ್ಕಳ ವಾರ್ಡಿಂದ ಕಾಲ್ ಬಂದ್ರೆ ಮಗುನ ಓಪಿಡಿಗೆ ಕಳ್ಸಿ ಅನ್ನಲ್ಲ, ನಾನೇ ಹೋಗ್ತೀನಿ, ಕೀಮೋ ಆಗಿ ಬಿಳಿ ರಕ್ತಕಣ ಇಳಿದಿರೋ ಮಗುನ ಮದ್ರಾಸ್ ಐ ಬಂದವ್ರ ಪಕ್ಕ ಕೂರ್ಸೋಕಾಗುತ್ತಾ. ಡ್ರಾಪ್ಸ್ ಬಾಟ್ಲು ಆ ಮಗುಗೇ ಅಂತ ಹೊಸದು ಒಡೀತೀನಿ. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್ಲೆಟ್ ತೀರಾ ಕಮ್ಮಿ ಇದ್ರೆ ರೆಪ್ಪೆಗೆ ಕ್ಲಿಪ್ ಹಾಕಲ್ಲ, ಕಣ್ಣು ಒತ್ತಲ್ಲ, ಅಮ್ಮನ ತೊಡೆ ಮೇಲೆ ಕೂರ್ಸಿ "ಪುಟ್ಟಾ, ಈಗ ಫ್ಯಾನ್ ನೋಡು" ಅಂತ ಮಾತಾಡಿಸ್ತಾ ಕಣ್ಣಿನ ಒಳಭಾಗ ತೋರ್ಸೋ 20ಡಿ ಲೆನ್ಸಲ್ಲಿ ಸಿಕ್ಕಷ್ಟು ನೋಡ್ಕೋತೀನಿ.

ಹೊಸ ಕೇಸಲ್ಲಿ ಹೆಚ್ಚಾಗಿ ಕಾಣೋದು ರೆಟಿನಾ (ಕಣ್ಣಿನ ಹಿಂದಿನ ಪರದೆ) ಮೇಲೆ ರಕ್ತದ ಚುಕ್ಕೆ, ಕೆಲವಕ್ಕೆ ನಡುವೆ ಬಿಳಿ. ರಕ್ತಕಣಗಳ ಕೌಂಟ್ ಸರಿಹೋದ ಹಾಗೆ ಬಹುಪಾಲು ತಾನಾಗೇ ಕರಗುತ್ತೆ. ಕಣ್ಣಿನ ನರ ಊದಿದ್ರೆ ಮಾತ್ರ ಬೆಳಗ್ಗೆವರೆಗೂ ಕಾಯಲ್ಲ, ಅದು ಮೆದುಳಿನ ಒತ್ತಡನೋ ಲುಕೇಮಿಯಾ ಕಣ ನರಕ್ಕೇ ನುಗ್ಗಿರೋದೋ ಅಂತ ಸ್ಕ್ಯಾನ್ ಮಾಡ್ಸಿ, ಆಮೇಲೆ ಬೆನ್ನಿನ ನೀರು ತೆಗೆಸ್ಬೇಕು, ತಡ ಆದ್ರೆ ದೃಷ್ಟಿ ವಾಪಸ್ ಬರೋದು ಕಷ್ಟ.

ನನಗೆ ಪಾಠ ಕಲ್ಸಿದ್ದು ಮೇಂಟೆನೆನ್ಸಲ್ಲಿದ್ದ (ರೋಗ ಹತೋಟಿಗೆ ಬಂದ ಮೇಲಿನ ಕಮ್ಮಿ ಡೋಸಿನ ದೀರ್ಘ ಚಿಕಿತ್ಸೆ) 6 ವರ್ಷದ ಹುಡುಗ. ಒಂದು ಕಣ್ಣು ಕೆಂಪು, ಯುವೈಟಿಸ್ (ಕಣ್ಣಿನ ಒಳಗಿನ ಉರಿಯೂತ) ಅಂದ್ಕೊಂಡು ಸ್ಟೆರಾಯ್ಡ್ ಡ್ರಾಪ್ಸ್ ಬರ್ದೆ, ವಾರದಲ್ಲಿ ಕಮ್ಮಿನೂ ಆಯ್ತು, ಅಲ್ಲೇ ನಾನು ಮೋಸಹೋಗಿದ್ದು, ಲುಕೇಮಿಯಾ ಕಣನೂ ಸ್ಟೆರಾಯ್ಡಿಗೆ ಸ್ವಲ್ಪ ಬಗ್ಗುತ್ತೆ. ಡ್ರಾಪ್ಸ್ ಇಳಿಸ್ತಿದ್ದ ಹಾಗೆ ಮತ್ತೆ ಕೆಂಪು, ಕರಿಗುಡ್ಡೆ ಕೆಳಗಡೆ ಕೀವಿನ ಥರ ಬಿಳೀ ಪದರ. ಒಂದು ಮಗ್ಗುಲಿಗೆ ಮಲಗಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೆ ಆ ಪದರ ಆ ಕಡೆಗೇ ಜಾರಿತ್ತು. ಅರಿವಳಿಕೆ ಕೊಟ್ಟು ಸಣ್ಣ ಸೂಜೀಲಿ ಕಣ್ಣಿನ ನೀರು ತೆಗೆದು ಸೈಟಾಲಜಿಗೆ, ಅಂದ್ರೆ ಕಣಗಳ ಪರೀಕ್ಷೆಗೆ, ಕಳಿಸ್ದೆ. ಸಿಕ್ಕಿದ್ದು ಬ್ಲಾಸ್ಟ್, ಅಂದ್ರೆ ಲುಕೇಮಿಯಾದ ಎಳೇ ಕಣಗಳು.

"ಸರ್, ಬ್ಲಡ್ ರಿಪೋರ್ಟ್ ನಾರ್ಮಲ್ ಇದ್ಯಲ್ಲ?" ಅಂದ್ರು ಅವರಮ್ಮ. ಅಸ್ಥಿಮಜ್ಜೆನೂ ಕ್ಲೀನ್ ಇತ್ತು. ಮೆದುಳಿನ ಥರ ಕಣ್ಣಿಗೂ ಒಂದು ತಡೆಗೋಡೆ ಇದೆ, ಕೀಮೋ ಪೂರ್ತಿ ಒಳಗೆ ಹೋಗಲ್ಲ, ಅಲ್ಲಿ ಅಡಗಿದ್ದ ಕಣ ಬೆಳೆದಿವೆ ಅಂತ ಹೇಳ್ದೆ, ಮೊದಲ ದಿನವೇ ಸೂಜಿ ಹಾಕ್ಬೇಕಿತ್ತು ಅನ್ನೋದನ್ನೂ ಮುಚ್ಚಿಡಲಿಲ್ಲ. ಆಂಕಾಲಜಿಯವ್ರು ಕೀಮೋ ಮೊದಲಿಂದ ಶುರು ಮಾಡಿದ್ರು, ಬೆನ್ನಲ್ಲಿ ಮೆಥೋಟ್ರೆಕ್ಸೇಟ್ ಅನ್ನೋ ಕೀಮೋ ಔಷಧಿ, ಕಣ್ಣಿಗೆ ರೇಡಿಯೇಶನ್.

ಈಗ ಪದರ ಪೂರ್ತಿ ಹೋಗಿದೆ. ಲೆನ್ಸ್ ಹಿಂಭಾಗದಲ್ಲಿ ಸಣ್ಣಗೆ ಪೊರೆ ಬರ್ತಿದೆ, ರೇಡಿಯೇಶನ್, ಸ್ಟೆರಾಯ್ಡ್ ಎರಡರದ್ದೂ ಕೈವಾಡ ಇರ್ಬೋದು, ಕಣ್ಣಿನ ಪ್ರೆಶರ್ ಜೊತೆ ಅದನ್ನೂ ಮೂರು ತಿಂಗಳಿಗೊಮ್ಮೆ ನೋಡ್ತಿದೀನಿ. ಹೋದ ಸಲ ಆ ಕಣ್ಣಲ್ಲಿ 6/9 ಓದ್ದ, ನಾರ್ಮಲ್ 6/6ಗೆ ಹತ್ತಿರ.